ಏರ್‌ಸಾಫ್ಟ್ ಗನ್: ಉಪ್ಪುಗಾಳಿಯ ಊರಿಗೆ ಯಾವ ಲೋಹ, ಯಾವ ಪ್ಲಾಸ್ಟಿಕ್?

ಒಬ್ಬರಿಗೊಬ್ಬರು ಸಣ್ಣ ಪ್ಲಾಸ್ಟಿಕ್ ಗುಂಡು ಹಾರಿಸಿ ಆಡುವ ಆಟದ ಗನ್ನೇ ಏರ್‌ಸಾಫ್ಟ್ ಗನ್. ಅದನ್ನು ಕೊಳ್ಳಲು ಹೊರಟವರು ಮೊದಲು ಕೇಳುವುದು ಒಂದೇ: "ಫುಲ್ ಮೆಟಲ್ ಉಂಟಾ?" ಕೈಗೆ ಭಾರ ಸಿಗಬೇಕು, ಮುಟ್ಟಿದರೆ ತಣ್ಣಗಿರಬೇಕು, ತಟ್ಟಿದರೆ ಠಣ್ ಅನ್ನಬೇಕು. ಪ್ಲಾಸ್ಟಿಕ್ ಎಂದರೆ ಜಾತ್ರೆಯ ಸಂತೆಯ ಆಟಿಕೆ ಎಂಬ ತಾತ್ಸಾರ. ಒಣಹವೆಯ ಊರಿನವರು ಹೀಗೆ ಆಸೆಪಟ್ಟರೆ ಅಷ್ಟೇನೂ ನಷ್ಟವಿಲ್ಲ. ಸುರತ್ಕಲ್, ಪಣಂಬೂರು, ಉಳ್ಳಾಲ, ಮಲ್ಪೆ ಕಡೆ ಮನೆ ಇರುವವರು ಮಾತ್ರ ಸ್ವಲ್ಪ ತಾಳಬೇಕು. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಚರ್ಮದ ಬೆಲ್ಟಿಗೂ ಬೂಸ್ಟು ಬರುತ್ತದೆ. ಮಳೆ ನಿಂತ ಮೇಲೆ ಸೆಕೆ, ಬೆವರು, ಉಪ್ಪುಗಾಳಿ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಕರಾವಳಿಗೆ ಹೊರಮೈ ಒಳ್ಳೆಯ ನೈಲಾನಿನದ್ದು, ಒಳಗಿನ ಯಂತ್ರ ಉಕ್ಕು-ಹಿತ್ತಾಳೆಯದ್ದು ಇರುವ ಗನ್ನೇ ಸರಿ. ಅದೇ ಬೆಲೆಗೆ ಸಿಗುವ ಅಗ್ಗದ 'ಫುಲ್ ಮೆಟಲ್' ಹೆಚ್ಚಾಗಿ ಇದರ ತಲೆಕೆಳಗು: ಕಣ್ಣಿಗೆ ಬೀಳುವಲ್ಲಿ ಲೋಹ, ಪೆಟ್ಟು ಬೀಳುವಲ್ಲಿ ಸಾಧಾರಣ ಮಾಲು.

ಪೆಟ್ಟು ಎಲ್ಲಿ ಬೀಳುತ್ತದೆ?

ಅಷ್ಟಮಿ ಹೊತ್ತಿಗೆ ಉಡುಪಿಯ ರಥಬೀದಿಯಲ್ಲಿ ಸದ್ದು ಮಾಡುವ ಬಿದಿರಿನ ಪೇಟ್ಲ ಕಂಡವರಿಗೆ ಏರ್‌ಸಾಫ್ಟಿನ ಒಳಗುಟ್ಟು ಹೊಸದೇನಲ್ಲ. ಕೊಳವೆ, ಹಿಂದಿನಿಂದ ತಳ್ಳುವ ಕೋಲು, ನಡುವೆ ಒತ್ತಿಹೋದ ಗಾಳಿ, ಮುಂದೆ ಹಾರುವ ಕಾಯಿ. ಏರ್‌ಸಾಫ್ಟಿನಲ್ಲಿ ಕೋಲಿನ ಜಾಗದಲ್ಲಿ ಪಿಸ್ಟನ್, ಕೈಯ ಜಾಗದಲ್ಲಿ ಸ್ಪ್ರಿಂಗು, ಕಾಯಿಯ ಜಾಗದಲ್ಲಿ ಹೆಸರಿಗೆ 6 ಮಿ.ಮೀ. ಅಳತೆಯ ಪ್ಲಾಸ್ಟಿಕ್ ಗುಂಡು. ವಿದ್ಯುತ್ ಗನ್ನಿನಲ್ಲಿ ಮೋಟಾರು ಮೂರು ಗೇರುಗಳ ಮೂಲಕ ಪಿಸ್ಟನ್ನನ್ನು ಹಿಂದಕ್ಕೆಳೆದು ಬಿಡುತ್ತದೆ. ಗ್ಯಾಸ್ ಗನ್ನಿನಲ್ಲಿ ಸ್ಪ್ರಿಂಗಿನ ಕೆಲಸವನ್ನು ಒತ್ತಡದ ಅನಿಲ ಮಾಡುತ್ತದೆ.

0.20 ಗ್ರಾಂ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸರಿಯಾಗಿ 1 ಜೌಲ್. ನಿಜವಾದ ಕೋವಿಯ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಕೋವಿಯ ನಳಿಗೆ ಸಿಡಿಮದ್ದಿನ ಒತ್ತಡ ತಡೆಯಬೇಕು, ಅದಕ್ಕೆ ಉಕ್ಕು ಬೇಕೇಬೇಕು. ಏರ್‌ಸಾಫ್ಟಿನ ಹೊರಮೈಗೆ ಅಂಥ ಯಾವ ಹೊಣೆಯೂ ಇಲ್ಲ. ಅದು ಒಳಗಿನ ಭಾಗಗಳನ್ನು ಜಾಗದಲ್ಲಿ ಹಿಡಿದಿಟ್ಟು, ಬಿದ್ದಾಗ ಒಡೆಯದಿದ್ದರೆ ಸಾಕು. ನಿಜವಾದ ಪೆಟ್ಟು ಬೀಳುವುದು ಗೇರ್‌ಬಾಕ್ಸಿನೊಳಗೆ. ಸಾಮಾನ್ಯ ವಿದ್ಯುತ್ ಗನ್ನಿನಲ್ಲೂ ಪಿಸ್ಟನ್ ಸೆಕೆಂಡಿಗೆ ಹತ್ತಕ್ಕಿಂತ ಹೆಚ್ಚು ಬಾರಿ ಮುಂದಿನ ಗೋಡೆಗೆ ಬಡಿಯುತ್ತದೆ. ಹಣ ಹಾಕಬೇಕಾದ್ದು ಅಲ್ಲಿ.

ಜಪಾನಿನವರ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಈ ಆಟ ಹುಟ್ಟಿದ್ದೇ ಅಲ್ಲಿ. ಟೋಕಿಯೊ ಮರುಯಿ ಕಂಪೆನಿ 1991ರಲ್ಲಿ ಮೋಟಾರು-ಗೇರ್‌ಬಾಕ್ಸ್ ಇರುವ ಗನ್ ಹೊರತಂದು ಆಟದ ದಿಕ್ಕನ್ನೇ ಬದಲಿಸಿತು. ಲೋಹದ ಮಾದರಿ ಪಿಸ್ತೂಲುಗಳ ಬಗ್ಗೆ ಆ ದೇಶದ ಕಾನೂನು ಬಹಳ ಬಿಗಿ. ಹಾಗಾಗಿ ಅವರ ಪಿಸ್ತೂಲುಗಳ ಹೊರಮೈ ಬಹುತೇಕ ಎಬಿಎಸ್ ಪ್ಲಾಸ್ಟಿಕ್. ಹಾಗಿದ್ದೂ ಪೆಟ್ಟಿಗೆಯಿಂದ ತೆಗೆದ ಕೂಡಲೇ ಗುರಿ ಹಿಡಿಯುವುದರಲ್ಲಿ ಅವರ ಹೆಸರನ್ನು ಇಂದಿಗೂ ಮೊದಲು ಹೇಳುತ್ತಾರೆ. ಕಾರಣ ಒಳಗಿನ ಅಳತೆಗಳ ನಿಖರತೆ.

ಹೊರಮೈ: ಐದು ಆಯ್ಕೆ, ಎರಡೇ ಕೆಲಸಕ್ಕೆ ಬರುವಂಥವು

ಎಬಿಎಸ್ ಅಗ್ಗ, ಹಗುರ. ಅಚ್ಚಿನಲ್ಲಿ ಸೂಕ್ಷ್ಮ ಗೆರೆಗಳೂ ಚೆನ್ನಾಗಿ ಮೂಡುತ್ತವೆ. ತುಕ್ಕಿನ ಹೆದರಿಕೆ ಇಲ್ಲ. ಅದರ ಶತ್ರುಗಳು ಬೇರೆ: ಬಿಸಿಲು ಮತ್ತು ಥಿನ್ನರ್. ಬಿಸಿಲಿನ ನೇರಳಾತೀತ ಕಿರಣಕ್ಕೆ ವರ್ಷಗಟ್ಟಲೆ ಒಡ್ಡಿದರೆ ಬಣ್ಣ ಮಾಸಿ, ಮೇಲ್ಮೈ ಪೆಡಸಾಗುತ್ತದೆ. ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರಾವಣ ತಾಗಿದರೆ ಕರಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ. ಗ್ರೀಸ್ ಒರೆಸಲು ಪೆಟ್ರೋಲ್ ಬಟ್ಟೆ ಹಿಡಿಯುವ ಗ್ಯಾರೇಜಿನ ಅಭ್ಯಾಸ ಇಲ್ಲಿ ಬೇಡ. ಸಾಬೂನು ನೀರು ಸಾಕು. ಉದ್ದನೆಯ ಗನ್ನುಗಳಲ್ಲಿ ಎಬಿಎಸ್‌ನ ಇನ್ನೊಂದು ದೋಷ ಕಾಣುತ್ತದೆ: ನಳಿಗೆ ದೇಹಕ್ಕೆ ಕೂಡುವ ಜಾಗ ಸಡಿಲವಾಗಿ ಅಲುಗಾಡುತ್ತದೆ, ಕಿರ್ ಕಿರ್ ಅನ್ನುತ್ತದೆ.

ಗಾಜಿನ ನಾರು ಬೆರೆಸಿದ ನೈಲಾನ್ ನನ್ನ ಆಯ್ಕೆ. ಮಾರುವವರು ಇದನ್ನು ಪಾಲಿಮರ್ ಎಂದೋ ನೈಲಾನ್ ಫೈಬರ್ ಎಂದೋ ಕರೆಯುತ್ತಾರೆ. ಮುಟ್ಟಿದರೆ ಸ್ವಲ್ಪ ತರಿತರಿ, ತಟ್ಟಿದರೆ ಎಬಿಎಸ್‌ನ ಟೊಳ್ಳು ಸದ್ದಿಲ್ಲ. ಶೇ. 30ರಷ್ಟು ಗಾಜಿನ ನಾರಿದ್ದರೆ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.36 ಗ್ರಾಂ, ಎಬಿಎಸ್‌ನದ್ದು 1.05ರ ಆಸುಪಾಸು. ಪೆಟ್ರೋಲಿಗೆ, ಎಣ್ಣೆಗೆ ಜಗ್ಗುವುದಿಲ್ಲ. ನೈಲಾನ್ ಗಾಳಿಯ ತೇವ ಹೀರುತ್ತದೆ ಎಂಬುದು ನಿಜ, ಆದರೆ ಇಲ್ಲೊಂದು ಸ್ವಾರಸ್ಯ ಉಂಟು. ತೇವ ಹೀರಿದ ನೈಲಾನ್ ತುಸು ಮೆತ್ತಗಾಗುತ್ತದೆ, ಜೊತೆಗೇ ಪೆಟ್ಟು ತಡೆಯುವ ತಾಕತ್ತು ಹೆಚ್ಚುತ್ತದೆ. ಬೇರೆ ವಸ್ತುಗಳನ್ನೆಲ್ಲ ಕೆಡಿಸುವ ನಮ್ಮ ಮಳೆಗಾಲ ಇದನ್ನು ಕೊಂಚ ಗಟ್ಟಿಗನನ್ನಾಗಿಯೇ ಮಾಡುತ್ತದೆ. ಅಳತೆ ಕೂದಲೆಳೆಯಷ್ಟು ಉಬ್ಬುವುದುಂಟು. ಹೊರಮೈಗೆ ಅದರಿಂದ ತೊಂದರೆ ಇಲ್ಲ. ಒಳಗಿನ ಸಣ್ಣ ಭಾಗಗಳಿಗೆ ಉಂಟು, ಅದನ್ನು ಮುಂದೆ ಹೇಳುತ್ತೇನೆ.

ಈಗ ಅಗ್ಗದ 'ಫುಲ್ ಮೆಟಲ್'. ಇದು ಸಾಮಾನ್ಯವಾಗಿ ಸತುವಿನ ಎರಕ. ಸತುವಿಗೆ ಸುಮಾರು ಶೇ. 4ರಷ್ಟು ಅಲ್ಯುಮಿನಿಯಂ ಬೆರೆಸಿದ ಈ ಬಗೆಯ ಮಿಶ್ರಲೋಹಕ್ಕೆ ಜಮಾಕ್ ಎಂಬ ಹೆಸರಿದೆ. 400 ಡಿಗ್ರಿ ಸೆಲ್ಸಿಯಸ್‌ಗೂ ಕಡಿಮೆ ಉಷ್ಣತೆಯಲ್ಲಿ ಕರಗುವುದರಿಂದ ಅಚ್ಚು ಬೇಗ ಸವೆಯುವುದಿಲ್ಲ, ತಯಾರಿಕೆ ಸುಲಭ. ಸಾಂದ್ರತೆ 6.6ರ ಮೇಲೆ, ಅಂದರೆ ಅಲ್ಯುಮಿನಿಯಂನ ಎರಡೂವರೆ ಪಾಲು ಭಾರ. ಕೈಗೆ ಸಿಗುವ ಆ ಗತ್ತಿನ ಭಾರದ ಗುಟ್ಟು ಇದೇ. ಭಾರ ಇದ್ದ ಮಾತ್ರಕ್ಕೆ ಬಲ ಇರಬೇಕೆಂದಿಲ್ಲ. ತೆಳುವಾದ ಕಡೆ, ಸ್ಕ್ರೂ ಕೂರುವ ಕಿವಿಗಳಲ್ಲಿ, ನಳಿಗೆಯ ಕುತ್ತಿಗೆಯಲ್ಲಿ ಇದು ಬಾಗುವುದಿಲ್ಲ, ನೇರ ಮುರಿಯುತ್ತದೆ. ಮುರಿದದ್ದನ್ನು ಬೈಕಂಪಾಡಿಯ ಯಾವ ವೆಲ್ಡಿಂಗ್ ಶೆಡ್ಡಿಗೆ ಒಯ್ದರೂ "ಇದು ಹಿಡಿಯುವುದಿಲ್ಲ ಮಾರಾಯ್ರೆ" ಎಂಬ ಉತ್ತರ ಬಂದರೆ ಅವರ ತಪ್ಪಲ್ಲ. ಬಿಸಿ ತಾಗಿದರೆ ಕುಸಿಯುವ ಲೋಹ ಅದು.

ಸತುವಿನ ಇನ್ನೊಂದು ಕಾಯಿಲೆ ಕರಾವಳಿಯವರು ತಿಳಿದಿರಲೇಬೇಕಾದ್ದು. ಎರಕದ ಸತುವಿನಲ್ಲಿ ಸೀಸದ ಅಂಶ ಸ್ವಲ್ಪ ಹೆಚ್ಚಿದ್ದರೂ ಬಿಸಿ-ತೇವದ ಹವೆಯಲ್ಲಿ ಲೋಹ ಕಣಕಣಗಳ ನಡುವಿನಿಂದಲೇ ಕೊರೆಯುತ್ತ ಹೋಗುತ್ತದೆ. ಮೊದಲು ಬಣ್ಣದಡಿ ಗುಳ್ಳೆ, ಆಮೇಲೆ ಬಿರುಕು, ಕೊನೆಗೆ ಬಿಸ್ಕತ್ತಿನ ಹಾಗೆ ಪುಡಿ. ಹಳೆಯ ಆಟಿಕೆ ಕಾರು-ರೈಲುಗಳನ್ನು ಸಂಗ್ರಹಿಸುವವರು ಇದನ್ನು ಜಿಂಕ್ ಪೆಸ್ಟ್ ಅನ್ನುತ್ತಾರೆ. ಶುದ್ಧ ಸತು ಬಳಸಿದರೆ ಈ ರೋಗ ಬರುವುದಿಲ್ಲ. ಜಮಾಕ್ ಮಿಶ್ರಲೋಹಗಳು 1920ರ ದಶಕದ ಕೊನೆಗೆ ಬಂದದ್ದೇ ಶೇ. 99.99 ಶುದ್ಧ ಸತುವಿನ ಬಲದ ಮೇಲೆ. ಆದರೆ ಗುಜರಿ ಸತು ಕರಗಿಸಿ ಎರಕ ಹೊಯ್ದ ಹೆಸರಿಲ್ಲದ ಮಾಲಿನಲ್ಲಿ ಏನು ಬೆರೆತಿದೆ ಎಂದು ಹೊರಗಿನಿಂದ ನೋಡಿ ಹೇಳುವಂತಿಲ್ಲ. ಒಳ್ಳೆಯ ಸತುವಿಗೂ ಉಪ್ಪುಗಾಳಿಯಲ್ಲಿ ಬಣ್ಣ ಕಿತ್ತ ಜಾಗದಲ್ಲಿ ಬಿಳಿ ಪುಡಿ ಏಳುತ್ತದೆ.

ಅಲ್ಯುಮಿನಿಯಂ ಬೇರೆಯೇ ದರ್ಜೆ. ಅದರಲ್ಲೂ ಎರಕದ್ದು, ಗಟ್ಟಿಯಿಂದ ಕೊರೆದದ್ದು ಎಂದು ಎರಡು ಬಗೆ. ಕೊರೆದದ್ದರಲ್ಲಿ 6061 ಮತ್ತು 7075 ಎಂಬ ಮಿಶ್ರಲೋಹದ ಸಂಖ್ಯೆಗಳು ಜಾಹೀರಾತಿನಲ್ಲಿ ಕಾಣುತ್ತವೆ. ಕಾಯಿಸಿ ಗಟ್ಟಿ ಮಾಡಿದ ಟಿ6 ಹದದಲ್ಲಿ 6061 ಸುಮಾರು 275 ಮೆಗಾಪಾಸ್ಕಲ್ ಒತ್ತಡಕ್ಕೆ ಬಾಗತೊಡಗಿದರೆ 7075 ಸುಮಾರು 500ರವರೆಗೆ ತಡೆಯುತ್ತದೆ. ಸಂಖ್ಯೆ ದೊಡ್ಡದು, ಬೆಲೆಯೂ ದೊಡ್ಡದು, ಹಾಗಾದರೆ ಅದೇ ಒಳ್ಳೆಯದು ಎಂದುಕೊಳ್ಳುವವರು ಬಹಳ. ನಮ್ಮ ಊರಿಗೆ ಉಲ್ಟಾ. 7075ರಲ್ಲಿ ಸತು, ತಾಮ್ರ ಹೆಚ್ಚಿರುವುದರಿಂದ ಉಪ್ಪಿಗೆ ಅದು ಬೇಗ ತುತ್ತಾಗುತ್ತದೆ, 6061 ಹೆಚ್ಚು ಸಹಿಸುತ್ತದೆ. 1 ಜೌಲಿನ ಆಟಿಕೆಗೆ 7075ರ ಬಲ ಬೇಕಾಗಿಯೂ ಇಲ್ಲ. 6061 ಕೊಂಡು, ಮೇಲ್ಮೈ ಬರೀ ಬಣ್ಣವೋ ಆನೊಡೈಸ್ ಮಾಡಿದ್ದೋ ನೋಡಿ. ಆನೊಡೈಸ್ ಎಂದರೆ ಅಲ್ಯುಮಿನಿಯಂನದ್ದೇ ಆಕ್ಸೈಡ್ ಪದರ ಗಟ್ಟಿಯಾಗಿ ಬೆಳೆಸಿದ್ದು. ಅದು ಬಣ್ಣದ ಹಾಗೆ ಚಕ್ಕೆ ಚಕ್ಕೆಯಾಗಿ ಏಳುವುದಿಲ್ಲ.

ಆಮೇಲೆ ಸ್ಕ್ರೂ. ಅಲ್ಯುಮಿನಿಯಂ ದೇಹಕ್ಕೆ ಉಕ್ಕಿನ ಸ್ಕ್ರೂ ಹಾಕಿ ಉಪ್ಪುನೀರಿನ ತೇವ ಬಿದ್ದರೆ ಎರಡು ಲೋಹದ ನಡುವೆ ಸಣ್ಣ ಬ್ಯಾಟರಿಯೇ ಆಗುತ್ತದೆ, ಕರಗುವುದು ಅಲ್ಯುಮಿನಿಯಂ. ಮೀನುಗಾರಿಕೆಯ ದಕ್ಕೆಯಲ್ಲಿ ದೋಣಿ ರಿಪೇರಿ ಮಾಡುವವರಿಗೆ ಇದು ದಿನನಿತ್ಯದ ಪಾಠ. ಸ್ಕ್ರೂ ಹಾಕುವಾಗ ಎಳೆಗೆ ಒಂದಿಷ್ಟು ಗ್ರೀಸ್ ಸವರಿದರೆ ವರ್ಷ ಕಳೆದ ಮೇಲೂ ಸಲೀಸಾಗಿ ಬಿಚ್ಚಬಹುದು.

ಉಕ್ಕಿನ ತಗಡಿನ ಹೊರಮೈ, ಮರದ ಹಿಡಿ ಇರುವ ಎಕೆ ಮಾದರಿಗಳು ನೋಡಲು ಚಂದ. ಸಂಗ್ರಹಕ್ಕೆ, ತುಳು ಕಿರುಚಿತ್ರದ ಚಿತ್ರೀಕರಣಕ್ಕೆ ಬೇಕೆಂದರೆ ಕೊಳ್ಳಿ. ಆಡಲಿಕ್ಕೆಂದರೆ ಪ್ರತಿ ಸಲ ಮನೆಗೆ ಬಂದು ಒರೆಸಿ ಎಣ್ಣೆ ಹಚ್ಚುವ ತಾಳ್ಮೆ ಇದೆಯೇ ಎಂದು ಕೇಳಿಕೊಳ್ಳಿ. ಬೆವರಿನ ಕೈಗುರುತು ಮರುದಿನ ಬೆಳಗ್ಗೆ ಕೆಂಪಗೆ ಮೂಡಿರುತ್ತದೆ. ಹಚ್ಚುವ ಎಣ್ಣೆ ಮಾತ್ರ ತೆಂಗಿನೆಣ್ಣೆ ಬೇಡ! ಬಾಗಿಲ ಕೀಲಿಗೂ ಅದನ್ನೇ ಬಿಡುವ ಊರು ನಮ್ಮದು, ಗೊತ್ತು. ಅದು ಹಳತಾದರೆ ಅಂಟಾಗಿ ಧೂಳು ಹಿಡಿಯುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಇದಕ್ಕಿಂತ ಎಷ್ಟೋ ಮೇಲು.

ಗ್ಯಾಸ್ ಪಿಸ್ತೂಲಿಗೆ ಲೆಕ್ಕ ಬೇರೆ

ಮೇಲೆ ಹೊರಮೈಗೆ ಬಲ ಬೇಡ ಎಂದೆ. ಗ್ಯಾಸ್ ಪಿಸ್ತೂಲು ಇದಕ್ಕೆ ಹೊರತು. ಅದರಲ್ಲಿ ಪ್ರತಿ ಸಲ ಸ್ಲೈಡ್ ಎಂಬ ಜಾರುವ ಮೇಲಿನ ಭಾಗ ಹಿಂದಕ್ಕೆ ಹಾರಿ ಬಡಿಯುತ್ತದೆ. ಗ್ರೀನ್ ಗ್ಯಾಸ್ ಎಂದು ಮಾರುವುದು ಮೂಲತಃ ಪ್ರೊಪೇನ್, ಸ್ವಲ್ಪ ಸಿಲಿಕೋನ್ ಎಣ್ಣೆ ಬೆರೆಸಿದ್ದು. 20 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 8 ಬಾರ್. ಮಂಗಳೂರಿನ ಏಪ್ರಿಲ್ ಮಧ್ಯಾಹ್ನದ 32-33 ಡಿಗ್ರಿಗೆ 11ರ ಹತ್ತಿರ ಹೋಗುತ್ತದೆ. ಜಪಾನಿನ ಎಬಿಎಸ್ ಸ್ಲೈಡುಗಳನ್ನು ಲೆಕ್ಕ ಹಾಕಿದ್ದು ಎಚ್‌ಎಫ್‌ಸಿ-134ಎ ಎಂಬ ಇನ್ನೂ ಮೆದು ಅನಿಲಕ್ಕೆ, ಅದು 20 ಡಿಗ್ರಿಯಲ್ಲಿ 6 ಬಾರ್‌ಗೂ ಕಡಿಮೆ. ಅದೇ ಪಿಸ್ತೂಲಿಗೆ ನಮ್ಮ ಸೆಕೆಯಲ್ಲಿ ಗ್ರೀನ್ ಗ್ಯಾಸ್ ತುಂಬಿದರೆ ಸುಮಾರು ಎರಡು ಪಾಲು ಒತ್ತಡ. ಸ್ಲೈಡ್ ಮುಂಭಾಗದಲ್ಲೋ ನಿಜವಾದ ಪಿಸ್ತೂಲಿನಲ್ಲಿ ಖಾಲಿ ತೋಟೆ ಹೊರಬೀಳುವ ಕಿಂಡಿಯ ಮೂಲೆಯಲ್ಲೋ ಬಿರುಕು ಬಂದರೆ ಆಶ್ಚರ್ಯವಿಲ್ಲ.

ಹಾಗಾಗಿ ಪಿಸ್ತೂಲಿನಲ್ಲಿ ಅಲ್ಯುಮಿನಿಯಂ ಸ್ಲೈಡ್, ನೈಲಾನ್ ಹಿಡಿ ಒಳ್ಳೆಯ ಜೋಡಿ. ಸತುವಿನ ಸ್ಲೈಡ್ ಭಾರವಾಗಿ ನಿಧಾನ ಓಡುತ್ತದೆ, ಗ್ಯಾಸ್ ಹೆಚ್ಚು ತಿನ್ನುತ್ತದೆ. ಗ್ಯಾಸ್ ತುಂಬುವ ಮ್ಯಾಗಜೀನು ಮಾತ್ರ ಲೋಹದ್ದೇ, ಹೆಚ್ಚಾಗಿ ಸತುವಿನ ಎರಕ, ಅದು ಸರಿಯೂ ಹೌದು: ಅನಿಲ ಆವಿಯಾಗುವಾಗ ತಣ್ಣಗಾಗುತ್ತದೆ, ದಪ್ಪ ಲೋಹ ತನ್ನಲ್ಲಿರುವ ಬಿಸಿ ಕೊಟ್ಟು ಒತ್ತಡ ಕುಸಿಯದಂತೆ ನೋಡಿಕೊಳ್ಳುತ್ತದೆ. ಗ್ಯಾಸ್ ತುಂಬಿದ ಮ್ಯಾಗಜೀನನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ.

ಒಳಗಿನ ಲೋಹ

ಗೇರ್‌ಬಾಕ್ಸಿನ ಚಿಪ್ಪು ಸತು ಅಥವಾ ಅಲ್ಯುಮಿನಿಯಂ ಎರಕ. ಎಂ4 ರೈಫಲ್ ಮಾದರಿಗಳಲ್ಲಿ ಬರುವ ವರ್ಷನ್ 2 ಚಿಪ್ಪು ಮುಂಭಾಗದಲ್ಲಿ, ಸಿಲಿಂಡರ್ ಕೊನೆಯಾಗುವ ಕಿಟಕಿಯ ಮೂಲೆಯಲ್ಲಿ ಬಿರುಕು ಬಿಡುವುದು ಪ್ರಸಿದ್ಧ. ಮೂಲೆ ಚೂಪಾಗಿದ್ದಷ್ಟೂ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಒಳ್ಳೆಯ ಚಿಪ್ಪಿನಲ್ಲಿ ಆ ಮೂಲೆಯನ್ನು ಮೊದಲೇ ದುಂಡಗೆ ಮಾಡಿರುತ್ತಾರೆ. ಇಲ್ಲದಿದ್ದರೆ ದುಂಡರದಿಂದ ನೀವೇ ಉಜ್ಜಿಕೊಳ್ಳಬಹುದು. ಎಕೆ ಮಾದರಿಯ ವರ್ಷನ್ 3 ಈ ವಿಷಯದಲ್ಲಿ ಗಟ್ಟಿ.

ಗೇರುಗಳಲ್ಲಿ ಮೂರು ತರ. ಸತುವಿನ ಎರಕದ್ದು ಬೇಡವೇ ಬೇಡ. ಉಕ್ಕಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಕುಲುಮೆಯಲ್ಲಿ ಬೆಸೆದದ್ದು ಸಾಮಾನ್ಯ ಆಟಕ್ಕೆ ಧಾರಾಳ. ಗಟ್ಟಿ ಉಕ್ಕಿನಿಂದ ಯಂತ್ರದಲ್ಲಿ ಕೊರೆದದ್ದು ಬಿಗಿ ಸ್ಪ್ರಿಂಗು, 11.1 ವೋಲ್ಟ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕುವವರಿಗೆ. 7.4 ವೋಲ್ಟಿನಲ್ಲಿ, ಸೆಕೆಂಡಿಗೆ 100 ಮೀಟರ್ ವೇಗ ಕೊಡುವ ಸ್ಪ್ರಿಂಗಿನಲ್ಲಿ ಆಡುವವರು ಇದಕ್ಕೆ ದುಡ್ಡು ಸುರಿದರೆ ವ್ಯತ್ಯಾಸವೇ ತಿಳಿಯಲಿಕ್ಕಿಲ್ಲ.

ಗೇರಿನ ಅಚ್ಚು ಕೂರುವ ಬುಶ್ಶುಗಳ ವಿಷಯಕ್ಕೆ ಬಂದರೆ, ಮೇಲೆ ಹೇಳಿದ ನೈಲಾನಿನ ಉಬ್ಬು ಇಲ್ಲಿ ಕಾಡುತ್ತದೆ. ಅಗ್ಗದ ಗನ್ನಿನ ನೈಲಾನ್ ಬುಶ್ಶು ತೇವಕ್ಕೆ ಉಬ್ಬಿ ಅಚ್ಚನ್ನು ಹಿಡಿಯಬಹುದು, ಬೇಗ ಸವೆಯುವುದಂತೂ ಖಚಿತ. ಬುಶ್ಶು ಸವೆದರೆ ಗೇರು ಓರೆಯಾಗುತ್ತದೆ, ಓರೆಯಾದ ಗೇರು ಹಲ್ಲು ಮುರಿದುಕೊಳ್ಳುತ್ತದೆ. ಹಿತ್ತಾಳೆ ಅಥವಾ ಉಕ್ಕಿನ ಬುಶ್ಶು ಕೇಳಿ ಪಡೆಯಿರಿ. ಬಾಲ್ ಬೇರಿಂಗ್ ಸದ್ದು ಕಡಿಮೆ, ಸಲೀಸು. ಆದರೆ ಅದರ ಸಣ್ಣ ಉಕ್ಕಿನ ಗುಂಡುಗಳು ತುಕ್ಕು ಹಿಡಿದು ಒಡೆದರೆ ಚೂರುಗಳು ಹಲ್ಲುಗಳ ನಡುವೆ ಸಿಕ್ಕಿ ಇಡೀ ಗೇರ್‌ಬಾಕ್ಸ್ ಹಾಳು. ಕಡಲ ಪಕ್ಕದವರಿಗೆ ಗಟ್ಟಿ ಬುಶ್ಶೇ ನೆಮ್ಮದಿ.

ಪಿಸ್ಟನ್ ಹಗುರವಾಗಿದ್ದು ಹಲ್ಲು ಮಾತ್ರ ಉಕ್ಕಿನದಾಗಿರುವುದು ಒಳ್ಳೆಯದು. ಪಾಲಿಕಾರ್ಬನೇಟ್ ಅಥವಾ ನೈಲಾನ್ ಮೈ, ಉಕ್ಕಿನ ಹಲ್ಲಿನ ಪಟ್ಟಿ. ಇಡೀ ಪಿಸ್ಟನ್ನೇ ಲೋಹದ್ದು ಎಂದು ಹೆಮ್ಮೆಯಿಂದ ಮಾರುವವರಿದ್ದಾರೆ. ಆ ಭಾರವೆಲ್ಲ ಚಿಪ್ಪಿನ ಮುಂಭಾಗಕ್ಕೆ ಬಡಿಯುತ್ತದೆ. ಗಾಳಿ ದಾಟಿಸುವ ನಾಝಲ್‌ಗೆ ಡೆಲ್ರಿನ್ ಎಂಬ ಹೆಸರಿನಲ್ಲಿ ಸಿಗುವ ಅಸಿಟಾಲ್ ಪ್ಲಾಸ್ಟಿಕ್ ಸೂಕ್ತ. ಅದು ಜಾರು, ತೇವ ಹೀರುವುದು ತೀರಾ ಕಡಿಮೆ.

ನಳಿಗೆ ಮತ್ತು ರಬ್ಬರು

ಗುರಿ ಬೀಳುವುದು, ತಪ್ಪುವುದು ಇಲ್ಲೇ. ಹೊರಗೆ ಕಾಣುವ ನಳಿಗೆ ಬರೀ ಅಲಂಕಾರ. ಗುಂಡು ಓಡುವುದು ಒಳಗಿನ ತೆಳು ಕೊಳವೆಯಲ್ಲಿ. ಗುಂಡಿನ ಅಳತೆ 5.95 ಮಿ.ಮೀ. ಆಸುಪಾಸು. ಒಳಕೊಳವೆ ಸಾಧಾರಣ ಗನ್ನಿನಲ್ಲಿ 6.08, ಬಿಗಿ ಮಾದರಿಗಳಲ್ಲಿ 6.03 ಅಥವಾ 6.01. ಕಿರಿದಾದಷ್ಟೂ ಗಾಳಿ ಸೋರುವುದು ಕಡಿಮೆ. ಆದರೆ 6.01ರ ಕೊಳವೆಯಲ್ಲಿ ಒಂದು ಮರಳಿನ ಕಣ ಹೊಕ್ಕರೂ ಗುಂಡು ಸಿಕ್ಕಿಕೊಳ್ಳುತ್ತದೆ. ಕಡಲ ತೀರದ ಮರಳಲ್ಲಿ ಆಡುವವರಿಗೆ 6.03 ಸಾಕು.

ಹಿತ್ತಾಳೆ ಕೊಳವೆ ನಯವಾಗಿ ಕೊರೆಯಲು ಬರುತ್ತದೆ, ಬೆಲೆಯೂ ಹಿತ. ಕಿಲುಬು ಹಿಡಿಯುತ್ತದೆ, ಹಸಿರು ಚುಕ್ಕೆ ಏಳುವ ಮೊದಲೇ ಒಣಬಟ್ಟೆ ಎಳೆದರೆ ತೊಂದರೆ ಇಲ್ಲ. ಅಲ್ಯುಮಿನಿಯಂ ಕೊಳವೆ ಮೆದು, ಗೀರು ಬೇಗ ಬೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದ್ದು ಗಟ್ಟಿ, ನಿರಾತಂಕ; ಅದರಲ್ಲೂ 2-3 ಶೇಕಡಾ ಮಾಲಿಬ್ಡಿನಮ್ ಇರುವ 316 ದರ್ಜೆ ಉಪ್ಪಿಗೆ 304ಕ್ಕಿಂತ ಚೆನ್ನಾಗಿ ತಡೆಯುತ್ತದೆ. ಒಂದೇ ಭಾಗ ಬದಲಿಸುವಷ್ಟು ದುಡ್ಡು ಕೈಯಲ್ಲಿದ್ದರೆ ನಾನು ಕೊಳವೆಗಿಂತ ಮೊದಲು ರಬ್ಬರು ಬದಲಿಸುತ್ತೇನೆ. ಹಾಪ್-ಅಪ್ ಎಂಬ ಆ ಪುಟ್ಟ ರಬ್ಬರು ಗುಂಡಿನ ತಲೆಯನ್ನು ತಡವಿ ಹಿಮ್ಮುಖ ತಿರುಗು ಕೊಡುತ್ತದೆ. ತಿರುಗುವ ಗುಂಡನ್ನು ಗಾಳಿ ಮೇಲೆತ್ತಿ ಹಿಡಿಯುತ್ತದೆ, ಅದರಿಂದಲೇ ದೂರ ಹೋಗುವುದು. ರಬ್ಬರಿಗೆ ಎಣ್ಣೆ ತಾಗಿದರೆ ಹಿಡಿತ ತಪ್ಪಿ ಗುಂಡು ಎತ್ತೆತ್ತಲೋ ಹಾರುತ್ತದೆ. ಸಿಲಿಕೋನ್ ರಬ್ಬರಿಗೆ ಸಿಲಿಕೋನ್ ಎಣ್ಣೆ ತಾಗಿದರೆ ಉಬ್ಬುತ್ತದೆ ಕೂಡ. ನೈಟ್ರೈಲ್ ರಬ್ಬರು ಈ ವಿಷಯದಲ್ಲಿ ಗಟ್ಟಿ. ಗ್ಯಾಸಿನಲ್ಲೇ ಸಿಲಿಕೋನ್ ಎಣ್ಣೆ ಇರುವುದರಿಂದ ಪಿಸ್ತೂಲಿಗೆ ನೈಟ್ರೈಲೇ ವಾಸಿ.

ಗುಂಡುಗಳಲ್ಲಿ ಮಣ್ಣಿನಲ್ಲಿ ಕರಗುವಂಥವು ಎಂದು ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನ ಗುಂಡು ಸಿಗುತ್ತದೆ. ಅಡಿಕೆ ತೋಟದಲ್ಲಿ, ಗುಡ್ಡೆಯಲ್ಲಿ ಆಡುವವರು ಅದನ್ನೇ ಬಳಸುವುದು ನ್ಯಾಯ. ಆದರೆ ಚೀಲ ಒಡೆದ ಮೇಲೆ ಮಳೆಗಾಲ ದಾಟಿಸಬೇಡಿ. ತೇವಕ್ಕೆ ಅವುಗಳ ಗುಣ ಕೆಡುತ್ತದೆ, ಬಿಗಿ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಗಾಳಿ ಹೋಗದ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ.

ಕಾನೂನು, ಕಣ್ಣು

2016ರ ಆಯುಧ ನಿಯಮಗಳಲ್ಲಿ ಪರವಾನಗಿ ಇಲ್ಲದ ಏರ್‌ಗನ್ನಿಗೆ ಇಟ್ಟಿರುವ ಮಿತಿ 4.5 ಮಿ.ಮೀ. ನಳಿಗೆ, 20 ಜೌಲ್ ಶಕ್ತಿ. ಏರ್‌ಸಾಫ್ಟಿನ ಶಕ್ತಿ ಅದಕ್ಕಿಂತ ಎಷ್ಟೋ ಕಡಿಮೆ, ನಳಿಗೆ ಮಾತ್ರ 6 ಮಿ.ಮೀ. ಆದ್ದರಿಂದ ಕೊಳ್ಳುವ ಮುಂಚೆ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ, ಮಾರುವವರಿಂದ ಬಿಲ್ಲು ಮತ್ತು ಕಾಗದಪತ್ರ ಪಡೆಯಿರಿ. ವಿದೇಶದಿಂದ ಪಾರ್ಸೆಲ್ ತರಿಸುವ ಧೈರ್ಯ ಬೇಡ. ಒಳ್ಳೆಯ ಗನ್ನು ದೂರದಿಂದ ಥೇಟ್ ನಿಜದ್ದರಂತೆಯೇ ಕಾಣುತ್ತದೆ, ಲೋಹದ್ದಾದರೆ ಇನ್ನೂ ಹೆಚ್ಚು. ಸ್ಕೂಟರಿನಲ್ಲಿ ಬಯಲಾಗಿ ಒಯ್ಯಬೇಡಿ, ಮುಚ್ಚಿದ ಚೀಲದಲ್ಲಿ ಒಯ್ಯಿರಿ.

ಕಣ್ಣು ಕಾಯುವ ಕನ್ನಡಕದಲ್ಲಿ ಹೋಲಿಕೆಯೇ ಇಲ್ಲ: ಪಾಲಿಕಾರ್ಬನೇಟ್, ಎಎನ್‌ಎಸ್‌ಐ ಝಡ್87.1 ಅಥವಾ ಇಎನ್ 166 ಎಂಬ ಸುರಕ್ಷತಾ ಮಾನದಂಡದ ಗುರುತು ಇರುವಂಥದ್ದು. ನಮ್ಮ ಸೆಕೆಗೆ ಒಳಗೆ ಮಂಜು ಕಟ್ಟುತ್ತದೆ ಎಂದು ಕೆಲವರು ತಂತಿ ಬಲೆಯ ಕನ್ನಡಕ ಹಾಕುತ್ತಾರೆ. ಒಡೆದ ಗುಂಡಿನ ಚೂರು ಬಲೆಯ ಕಣ್ಣಿನಿಂದ ಒಳಬರಬಲ್ಲದು, ಆ ತಂತಿಗೂ ತುಕ್ಕು ಹಿಡಿಯುತ್ತದೆ. ಬೆವರಿದರೆ ಆಟದ ಬಯಲಿನಿಂದ ಹೊರಗೆ ಬಂದು ಒರೆಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಕಿಸೆಯಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಹೊರಮೈಗೆ ಅಂಟಿದರೆ ಉಕ್ಕು. ಅಂಟದೆ ತುಂಬ ಭಾರ ಇದ್ದರೆ ಸತು, ಅಂಟದೆ ಹಗುರವಾಗಿದ್ದರೆ ಅಲ್ಯುಮಿನಿಯಂ. "ಅಲ್ಯುಮಿನಿಯಂ ಸರ್" ಎಂದು ಹೇಳಿ ಸತು ಕೊಡುವವರನ್ನು ಹಿಡಿಯಲು ಇಷ್ಟು ಸಾಕು. ಬಣ್ಣದಡಿ ಗುಳ್ಳೆ, ಸ್ಕ್ರೂ ಸುತ್ತ ಬಿಳಿ ಪುಡಿ ಕಂಡರೆ ಅದು ಕಡಲ ಪಕ್ಕ ಮಳೆಗಾಲ ಕಳೆದ ಮಾಲು. ಬ್ಯಾಟರಿ ತಂತಿಯ ತುದಿ ಹಸಿರಾಗಿದೆಯೇ ನೋಡಿ. ಗುಂಡಿಲ್ಲದೆ ಒಂದೊಂದೇ ಬಾರಿ ಕುದುರೆ (ಟ್ರಿಗರ್) ಒತ್ತಿ ಕೇಳಿ: ಗೇರುಗಳ ಸದ್ದು ಸಮನಾಗಿರಬೇಕು, ಕೀಚಲು ಬಂದರೆ ಬುಶ್ಶು ಸವೆದಿದೆ ಅಥವಾ ಗೇರು ಸರಿ ಕೂತಿಲ್ಲ. ಆಮೇಲೆ ಗೇರ್‌ಬಾಕ್ಸ್ ಬಿಚ್ಚಿ ತೋರಿಸಲು ಕೇಳಿ. ಚಿಪ್ಪಿನ ಮುಂಭಾಗದ ಮೂಲೆಯಲ್ಲಿ ಟಾರ್ಚ್ ಹಿಡಿದು ಕೂದಲೆಳೆ ಬಿರುಕು ಇದೆಯೇ ಹುಡುಕಿ, ಪಿಸ್ಟನ್ ಹಲ್ಲುಗಳನ್ನು ಎಣಿಸಿ. ಬಿಚ್ಚಲು ಒಪ್ಪದವರ ಹತ್ತಿರ ಚೌಕಾಸಿ ಮಾಡುತ್ತ ಕೂರದೆ ಬೇರೆಯವರನ್ನು ವಿಚಾರಿಸಿ.